ಕಂಸಾಳೆ ಕುಣಿದ ಮರುದಿನ ಹೊಟ್ಟೆ ನೋವೇಕೆ?

ಬೀಸು ಕಂಸಾಳೆ ಕಲಿಯುತ್ತಿದ್ದೇನೆ. ಕುಣಿದ ದಿನ ಏನೂ ಇಲ್ಲ. ಮಾರನೆಯ ದಿನ ನಕ್ಕರೂ ಹೊಟ್ಟೆ ಹಿಡಿದುಕೊಳ್ಳುತ್ತದೆ. ಯಾಕೆ? (ಗುಂಡ್ಲುಪೇಟೆಯಿಂದ)

ಚಾಮರಾಜನಗರ ಸೀಮೆಯ ಮಲೆ ಮಾದಪ್ಪನ ಭಕ್ತರಾದ ಗುಡ್ಡರು ಎಗರಿ, ಹಿಂದಕ್ಕೆ ಬಾಗಿ ಕಂಸಾಳೆಯ ತಾಳ ಬೀಸುವುದನ್ನು ಹತ್ತಿರದಿಂದ ನೋಡಿ. ಬೆನ್ನು ಬಾಗಿದಷ್ಟೂ ಹೊಟ್ಟೆಯ ಸ್ನಾಯು ಹಿಗ್ಗುತ್ತದೆ, ಆದರೂ ಮೈ ಬೀಳದಂತೆ ಬಿಗಿಹಿಡಿದಿರುತ್ತದೆ. ಅಟ್ಟದಿಂದ ರಾಗಿ ಮೂಟೆಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿದ ಹಾಗೆ: ಹಗ್ಗ ಬಿಡುತ್ತಲೇ ಇರಬೇಕು, ಹಿಡಿತ ಸಡಿಲವಾಗಬಾರದು. ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಅತಿ ಸೂಕ್ಷ್ಮವಾಗಿ ಹರಿಯುತ್ತವೆ. ದೇಹ ಅವನ್ನು ರಿಪೇರಿ ಮಾಡಲು ತೊಡಗಿದಾಗಲೇ ಉರಿಯೂತ. ಅದಕ್ಕೇ ನೋವು 24ರಿಂದ 72 ಗಂಟೆಗಳೊಳಗೆ ಏರುತ್ತದೆ. ಲ್ಯಾಕ್ಟಿಕ್ ಆಮ್ಲದ್ದಲ್ಲ ಈ ನೋವು, ಆ ಆಮ್ಲ ಒಂದೆರಡು ಗಂಟೆಯಲ್ಲೇ ಹೋಗಿರುತ್ತದೆ.

ಮಲಗಿಬಿಡಬೇಡಿ, ಮೆಲ್ಲಗೆ ಓಡಾಡಿ, ಬಿಸಿನೀರಿನ ಶಾಖ ಕೊಡಿ. ನೋವು ಇಳಿದ ಮೇಲೆ ಸ್ವಲ್ಪಸ್ವಲ್ಪವೇ ಕುಣಿಯಿರಿ, ಸ್ನಾಯು ಒಗ್ಗುತ್ತದೆ. ಮೂತ್ರ ಕಪ್ಪಗಾದರೆ, ಹೊಟ್ಟೆಯಲ್ಲಿ ಗಂಟು ಉಬ್ಬಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.