ಓದಿಗೆ ಮೊಬೈಲೋ, ಟ್ಯಾಬೋ?

ಪಿಯುಸಿಗೆ ಸೇರಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಇದು: ಓದಿಗೆಂದು ಸ್ಮಾರ್ಟ್‌ಫೋನ್ ತೆಗೆಯಬೇಕೋ, ಟ್ಯಾಬ್ ತೆಗೆಯಬೇಕೋ? ಎರಡನ್ನೂ ಕೊಳ್ಳುವಷ್ಟು ಹಣ ಹೆಚ್ಚಿನವರ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಲೆಕ್ಕ ಹಾಕಿಯೇ ಕೊಳ್ಳಬೇಕು.

ಮೊದಲು ಪರದೆ ನೋಡೋಣ. ನಮ್ಮ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್ ಸಾಮಾನ್ಯವಾಗಿ ಎ4 ಅಳತೆಯಲ್ಲಿರುತ್ತವೆ. ಎ4 ಹಾಳೆಯ ಅಗಲ 21 ಸೆಂ.ಮೀ. 6.5 ಇಂಚಿನ ಮೊಬೈಲಿನ ಪರದೆಯ ಅಗಲ ಸುಮಾರು 7 ಸೆಂ.ಮೀ. ಅಂದರೆ ಅಕ್ಷರಗಳು ಮೂರನೇ ಒಂದು ಪಾಲಿಗೆ ಇಳಿಯುತ್ತವೆ. ದೊಡ್ಡದು ಮಾಡಿದರೆ ಸಾಲಿನ ಕೊನೆ ಕಾಣುವುದಿಲ್ಲ. 10 ಇಂಚಿನ ಟ್ಯಾಬಿನ ಅಗಲ ಸುಮಾರು 13.5 ಸೆಂ.ಮೀ. ಇಡೀ ಪುಟ ಒಟ್ಟಿಗೆ ಕಾಣುತ್ತದೆ. ರಸಾಯನಶಾಸ್ತ್ರದ ಸೂತ್ರಗಳ ಸಣ್ಣ ಅಂಕೆಗಳನ್ನೂ ಓದಬಹುದು.

ಆದರೆ ಕಡಿಮೆ ಬೆಲೆಯ ಹಲವು ಟ್ಯಾಬುಗಳಲ್ಲಿ ವೈಫೈ ಮಾತ್ರ ಇರುತ್ತದೆ, ಸಿಮ್ ಹಾಕಲು ಜಾಗವಿಲ್ಲ. ಸಿಇಟಿ, ನೀಟ್, ಸ್ಕಾಲರ್‌ಶಿಪ್ ಅರ್ಜಿಗಳ ಒಟಿಪಿ ಬರುವುದು ಮೊಬೈಲ್ ನಂಬರಿಗೆ. ಯುಪಿಐ ಶುರು ಮಾಡಲೂ ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಬೇಕು. ಬಸ್ಸು ತಡವಾದರೆ ಮನೆಗೆ ಹೇಳಲು ಟ್ಯಾಬ್ ಸಾಲದು.

ನಮ್ಮ ಮನೆಯಲ್ಲಿ ಇರುವುದು ಉಮ್ಮನ ಒಂದೇ ಫೋನ್. ಅಬ್ಬ ಸೌದಿಯಿಂದ ಕರೆ ಮಾಡುವುದು ರಾತ್ರಿ, ನನಗೆ ಓದಲು ಸಮಯ ಸಿಗುವುದೂ ರಾತ್ರಿ. ತಮ್ಮನ ಹೋಂವರ್ಕ್ ಬರುವುದೂ ಅದೇ ಫೋನಿಗೆ. ಒಟಿಪಿಗೆ, ಕರೆಗೆ ಆ ಫೋನ್ ಸಾಕು. ಕೊರತೆ ಇದ್ದದ್ದು ಓದುವ ಪರದೆಯದು. ಹಾಗಾಗಿ ವೈಫೈ ಟ್ಯಾಬ್ ತೆಗೆದೆವು. ಸಂಜೆ ಹತ್ತು ನಿಮಿಷ ಉಮ್ಮನ ಫೋನಿನ ಹಾಟ್‌ಸ್ಪಾಟ್ ಹಾಕಿ ಬೇಕಾದ ಪಾಠಗಳನ್ನು ಇಳಿಸಿಕೊಳ್ಳುತ್ತೇನೆ. ಎನ್‌ಸಿಇಆರ್‌ಟಿ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಅಧ್ಯಾಯವಾರು ಉಚಿತವಾಗಿ ಸಿಗುತ್ತವೆ. ಒಮ್ಮೆ ಇಳಿಸಿದರೆ ಓದಲು ಇಂಟರ್ನೆಟ್ ಬೇಡ. ಓದುವಾಗ ಮೆಸೇಜುಗಳ ಸದ್ದೂ ಇಲ್ಲ.

ಹಾಸ್ಟೆಲಿನಲ್ಲಿದ್ದು, ಕೈಯಲ್ಲಿ ಬೇರೆ ಫೋನ್ ಇಲ್ಲದವರ ಲೆಕ್ಕ ಬೇರೆ. ಅವರು ಮೊಬೈಲನ್ನೇ ತೆಗೆಯುವುದು ಒಳ್ಳೆಯದು. ಉದ್ದದ ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಳ್ಳಬಹುದು.

ಯಾವುದನ್ನು ಕೊಂಡರೂ ಅಂಗಡಿಯಲ್ಲಿ ಮೂರು ವಿಷಯ ಕೇಳಿ: ರ್‍ಯಾಮ್ ಕನಿಷ್ಠ 4 ಜಿಬಿ ಇದೆಯೇ, ಮೆಮೊರಿ ಕಾರ್ಡ್ ಹಾಕಬಹುದೇ, ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ. ಹಳೆಯ ಆಂಡ್ರಾಯ್ಡ್‌ನಲ್ಲಿ ಬ್ಯಾಂಕ್ ಆ್ಯಪ್‌ಗಳು ಒಂದೊಂದಾಗಿ ನಿಂತುಹೋಗುತ್ತವೆ.

ಗೆಳತಿಯ ಬಳಿ ಇದೆಯೆಂದು ಕೊಂಡರೆ ಅದು ಇಸ್ರಾಫ್. ಮನೆಯಲ್ಲಿ ಈಗ ಏನಿದೆ, ಏನಿಲ್ಲ ಎಂದು ಮನೆಯವರ ಜೊತೆ ಕೂತು ಬರೆದು ನೋಡಿ. ಇಲ್ಲದ್ದನ್ನು ಮಾತ್ರ ಕೊಳ್ಳಿ.