ಎಲೆಯ ತುದಿ ನೋಡಿದಿರಾ?

ಮಲೆನಾಡಿನ ಓದುಗರೊಬ್ಬರು ಕೇಳಿದ್ದಾರೆ: ಕಾಡಂಚಿನ ಬೇಲಿಯಲ್ಲಿ ಪ್ರತಿ ಮಳೆಗಾಲ ತಾನಾಗಿ ಏಳುವ ಬಳ್ಳಿ, ಕೆಲವು ಹೂ ಹಳದಿ, ಕೆಲವು ಕೆಂಪು, ಬೇಸಿಗೆಯಲ್ಲಿ ಸುಳಿವೇ ಇಲ್ಲ. ಯಾವುದಿದು?

ಎಲ್ಲರೂ ಮೊದಲು ಹೇಳುವುದು ಹೂವಿನ ಬಣ್ಣವನ್ನೇ. ಗಿಡ ಗುರುತಿಸುವವರು ಅದನ್ನು ಅಷ್ಟಾಗಿ ನೆಚ್ಚುವುದಿಲ್ಲ. ನಾನು ತಿರುಗಿ ಕೇಳಿದ್ದು ಒಂದೇ: ಬಳ್ಳಿ ಆಸರೆಯನ್ನು ಹಿಡಿದಿರುವುದು ಯಾವುದರಿಂದ? ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಗೆ ಸುತ್ತಿದೆ ಎಂದು ಉತ್ತರ ಬಂತು. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಹಾಗಲ, ಸೋರೆಗಳಲ್ಲಿ ಹಿಡಿತದ ಸುರುಳಿ ಗೆಣ್ಣಿನಿಂದ ಬೇರೆಯಾಗಿ ಹೊರಡುತ್ತದೆ. ಎಲೆಯೇ ನೀಳವಾಗಿ ಸಾಗಿ, ಕೊನೆಯಲ್ಲಿ ದಾರದಷ್ಟು ಸಣ್ಣಗಾಗಿ ಸುತ್ತಿಕೊಳ್ಳುವುದು ಬಲು ಅಪರೂಪ. ಕರಾವಳಿಯ ಫ್ಲಾಜೆಲೇರಿಯಾ ಇಂಡಿಕಾಕ್ಕೂ ಇಂಥದೇ ತುದಿಯಿದೆ. ಆದರೆ ಅದರ ಕಾಂಡ ಬೆತ್ತದಂತೆ ಗಟ್ಟಿ, ಹೂ ಬಿಳಿಚಾದ ಪುಟ್ಟ ಗೊಂಚಲು, ಬೇಸಿಗೆಯಲ್ಲೂ ಮಾಯವಾಗುವುದಿಲ್ಲ. ಹಾಗಾಗಿ ಉಳಿದದ್ದು ಗೌರಿ ಹೂ, ಅಗ್ನಿಶಿಖೆ, ಅಂದರೆ ಗ್ಲೋರಿಯೋಸಾ ಸುಪರ್ಬಾ.

ಎರಡು ಬಣ್ಣದ ಗೊಂದಲವೂ ಇಲ್ಲಿ ಬಗೆಹರಿಯುತ್ತದೆ. ಹಸಿರು ಛಾಯೆಯಲ್ಲಿ ಅರಳುವ ಹೂ ಹಳದಿಗೆ ತಿರುಗಿ, ಬಲಿಯುತ್ತ ಕೆಂಪಾಗುತ್ತದೆ. ಅಲೆಅಂಚಿನ ಆರು ದಳಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಆರು ಕೇಸರಗಳು ಸುತ್ತಲೂ ಚಾಚಿರುತ್ತವೆ. ಶಲಾಕೆಯಂತೂ ಬುಡದಲ್ಲೇ ಬಾಗಿ ಪಕ್ಕಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಹೀಗೆ ಪ್ರಶ್ನೆ ಕೇಳುತ್ತ ಹೋಗುವ ಜಾಣ್ಮೆಗೆ ನಾವು ಋಣಿಯಾಗಿರಬೇಕಾದುದು ಫ್ರಾನ್ಸಿನ ಲಾಮಾರ್ಕ್‌ಗೆ. 1753ರಲ್ಲಿ ಈ ಗಿಡಕ್ಕೆ ಹೆಸರಿಟ್ಟ ಲಿನೇಯಸ್ ಕೇಸರಗಳನ್ನು ಎಣಿಸಿ ಗಿಡಗಳನ್ನು ವರ್ಗೀಕರಿಸಿದ್ದ. ಹೂವಿಲ್ಲದಿದ್ದರೆ ಆ ಲೆಕ್ಕ ನಡೆಯದು. ಲಾಮಾರ್ಕ್ 1778ರ ತನ್ನ ಫ್ರಾನ್ಸಿನ ಸಸ್ಯಗ್ರಂಥದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡೆರಡು ಲಕ್ಷಣಗಳನ್ನು ಮುಂದಿಟ್ಟು, ಒಂದನ್ನು ಆರಿಸಿ ಮುಂದೆ ಹೋಗಿ ಎಂದ. ದಾರಿ ಕವಲೊಡೆದಲ್ಲೆಲ್ಲ ಎಡಕ್ಕೋ ಬಲಕ್ಕೋ ಎಂದು ವಿಚಾರಿಸುತ್ತ ನೆಂಟರ ಮನೆ ಸೇರಿದ ಹಾಗೆ, ಹಿಂದೆಂದೂ ಕಾಣದ ಗಿಡದ ಹೆಸರಿಗೂ ತಲುಪಬಹುದು. ಜೀವವಿಕಾಸದ ಚರ್ಚೆಯಲ್ಲಿ ಅವನನ್ನು ಸೋತವನೆಂದು ನೆನೆಯುವವರು ಇದನ್ನೂ ನೆನೆಯಬೇಕು. ಸಲ್ಡಾನ ಮತ್ತು ನಿಕೋಲ್ಸನ್ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನು ಬಳಸುವವರೂ ಇದೇ ಕವಲುಗಳಲ್ಲಿ ನಡೆಯುತ್ತಾರೆ.

ಮೊಬೈಲ್ ಆ್ಯಪ್‌ಗಳು ಅರಳಿದ ಹೂವಿನ ಚಿತ್ರಕ್ಕೆ ಥಟ್ಟನೆ ಹೆಸರು ಹೇಳುತ್ತವೆ, ನಿಜ. ಆದರೆ ಎಲೆ ಉದುರಿ, ಮಣ್ಣಿನಡಿ ಬರೀ ಗೆಡ್ಡೆ ಉಳಿದಿರುವ ಜನವರಿಯಲ್ಲಿ ಅವನ್ನು ನಂಬುವಂತಿಲ್ಲ. ಅಪಾಯ ಇರುವುದೂ ಆಗಲೇ. ಬಳ್ಳಿಯ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ವೈದ್ಯರು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಗೌಟ್ ಎಂಬ ಸಂಧಿವಾತಕ್ಕೆ ಕೊಡುತ್ತಾರೆ. ಗೆಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಬೇಲಿಯ ಬಳ್ಳಿಯನ್ನು ಕೀಳಬೇಡಿ, ಅದು ಅಲ್ಲೇ ಇರಲಿ. ಗುರುತು ಖಚಿತವಾಗದ ಯಾವ ಕಾಡುಗೆಡ್ಡೆಯನ್ನೂ ಅಡುಗೆಮನೆಗೆ ತರಬೇಡಿ, ಮಕ್ಕಳಿಗೂ ಇದನ್ನು ತೋರಿಸಿ ಹೇಳಿ.