ಜಾಗ ಬದಲಿಸುವ ದೋಷ

2022ರ ಅಕ್ಟೋಬರ್. ಲಿನಕ್ಸ್ ಕರ್ನೆಲ್‌ನ 6.1ನೇ ಆವೃತ್ತಿಗೆ ಹೊಸ ಕೋಡ್ ಸೇರಿಸಿಕೊಳ್ಳುವ ಗಡಿಬಿಡಿಯಲ್ಲಿದ್ದ, ಅದರ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಕಂಪ್ಯೂಟರಿನಲ್ಲೇ ಪ್ರೋಗ್ರಾಂಗಳು ಎಲ್ಲೆಂದರಲ್ಲಿ ಕುಸಿಯತೊಡಗಿದವು. ಆಗಷ್ಟೇ ಸೇರಿದ ಕೋಡ್ ಮೇಲೆಯೇ ಅವರಿಗೂ ಮೊದಲ ಗುಮಾನಿ. ಕೊನೆಗೆ ಸಿಕ್ಕಿಬಿದ್ದದ್ದು ಎರಡೂವರೆ ವರ್ಷ ತಕರಾರಿಲ್ಲದೆ ದುಡಿದಿದ್ದ ರ‍್ಯಾಮ್.

ಹೊಸದಾಗಿ ಲಿನಕ್ಸ್ ಹಾಕುವವರು ಇದೇ ಬಲೆಗೆ ಬೀಳುತ್ತಾರೆ. ಇನ್‌ಸ್ಟಾಲೇಶನ್ ಅರ್ಧಕ್ಕೆ ನಿಂತರೆ ಉಬುಂಟು ಬಿಟ್ಟು ಫೆಡೋರಾ, ಫೆಡೋರಾ ಬಿಟ್ಟು ಮಿಂಟ್ ಎಂದು ಬದಲಿಸುತ್ತಾ ಹೋಗುತ್ತಾರೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತಿದೆಯೇ, ಬೇರೆ ಬೇರೆ ಕಡೆಯೇ?

ಒಂದೇ ಜಾಗವಾದರೆ ಸಾಮಾನ್ಯವಾಗಿ ತಪ್ಪು ಸಾಫ್ಟ್‌ವೇರಿನದು, ಇಲ್ಲವೇ ಕೆಟ್ಟ ಐಎಸ್‌ಒ ಫೈಲಿನದು. ಡೌನ್‌ಲೋಡ್ ಮಾಡಿದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು ತಾಣದಲ್ಲಿ ಕೊಟ್ಟಿರುವುದರೊಂದಿಗೆ ತಾಳೆ ನೋಡಿ, ಬೇರೆ ಪೆನ್‌ಡ್ರೈವ್ ಹಾಕಿದರೆ ಅರ್ಧ ಸಂಶಯ ಬಗೆಹರಿಯುತ್ತದೆ. ಜಾಗ ಬದಲಾಗುತ್ತಿದ್ದರೆ ಮಾತ್ರ ಯಂತ್ರದ ಒಳಗೆ ಹುಡುಕಬೇಕು. ಮೊದಲ ಆರೋಪಿ ರ‍್ಯಾಮ್.

ಕಾರಣ ಅದರ ರಚನೆಯಲ್ಲೇ ಇದೆ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡ ವಿನ್ಯಾಸದಂತೆ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಆ ಕೆಪಾಸಿಟರ್ ತೂತಿನ ಕೊಡ; ಅದರ ವಿದ್ಯುದಂಶ ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಕೋಶವನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಕೋಶಗಳು 6,800 ಕೋಟಿಗೂ ಹೆಚ್ಚು. ಒಂದು ಕೋಶ ಬೇಗ ಸೋರಿದರೂ ಸಾಕು, 1 ಇದ್ದದ್ದು 0 ಆಗಿಬಿಡಬಹುದು. ಆ ಕೋಶದಲ್ಲಿ ಒಮ್ಮೆ ಚಿತ್ರದ ತುಣುಕು ಇರುತ್ತದೆ, ಇನ್ನೊಮ್ಮೆ ಕರ್ನೆಲ್‌ನ ವಿಳಾಸ. ದೋಷ ಅಲೆದಾಡಿದಂತೆ ಕಾಣುವುದು ಇದರಿಂದಲೇ.

ವಿಡಿಯೊ ನೋಡುವಾಗ ಬಿಟ್ ಬದಲಾದರೆ ಒಂದು ಚುಕ್ಕೆಯ ಬಣ್ಣ ಕೆಡಬಹುದು, ಅಷ್ಟೆ. ಇನ್‌ಸ್ಟಾಲೇಶನ್ ಅಷ್ಟು ಸಹನೆಯ ಕೆಲಸವಲ್ಲ. ಸಾವಿರಾರು ಫೈಲುಗಳನ್ನು ಒತ್ತಿ ಕಿರಿದಾಗಿಸಿದ ರೂಪದಿಂದ ಬಿಡಿಸಿ, ಮೊತ್ತ ತಾಳೆ ನೋಡಿ ಬರೆಯುವಾಗ ಒಂದೇ ಬಿಟ್ ತಪ್ಪಿದರೂ ಲೆಕ್ಕ ಕೂಡುವುದಿಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಇದೆ. ಆಪರೇಟಿಂಗ್ ಸಿಸ್ಟಮ್ ಇಲ್ಲದೆಯೇ ಬೂಟ್ ಆಗಿ, ಮೆಮೊರಿಗೆ ನಾನಾ ವಿನ್ಯಾಸಗಳನ್ನು ಬರೆದು ಓದುತ್ತದೆ. ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಅದನ್ನು ಕಡೆಗಣಿಸಬೇಡಿ. ಬಾರದಿದ್ದರೆ ಮೆಮೊರಿ ನಿರ್ದೋಷಿ ಎಂದೂ ಖಾತರಿಯಿಲ್ಲ. ದೋಷ ಕಂಡರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ತೆಗೆದು, ಒಂದೊಂದೇ ರ‍್ಯಾಮ್ ಹಾಕಿ, ಸ್ಲಾಟ್ ಬದಲಿಸಿ ನೋಡಿ. ದೋಷ ರ‍್ಯಾಮ್ ಜತೆ ಹೋದರೆ ರ‍್ಯಾಮ್ ಕೆಟ್ಟಿದೆ; ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್ ಕಡೆ ನೋಡಬೇಕು.

ರ‍್ಯಾಮ್ ಪಾಸಾದರೆ ಮುಂದಿನ ಸರದಿ ಡಿಸ್ಕಿನದು. ಡಿಸ್ಕ್ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ವರದಿಯಲ್ಲಿ ಬದಲಿ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಹೋಗುವ ಸೂಚನೆ. ಸಿಆರ್‌ಸಿ ದೋಷ (ದತ್ತಾಂಶ ಸಾಗುವಾಗಿನ ತಪ್ಪು) ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ಕರ್ನೆಲ್ ಲಾಗ್‌ನಲ್ಲಿ ‘ಹಾರ್ಡ್‌ವೇರ್ ಎರರ್’ ಎಂಬ ಸಾಲಿದ್ದರೆ ಸಾಮಾನ್ಯವಾಗಿ ಪ್ರೊಸೆಸರೇ ದೂರು ಕೊಟ್ಟಿದೆ ಎಂದರ್ಥ. ಫ್ಯಾನ್, ಬಿಸಿ, ಪವರ್ ಸಪ್ಲೈ ಕೂಡ ನೋಡಬೇಕು.

ಸರ್ವರುಗಳಲ್ಲಿರುವ ಇಸಿಸಿ ಮೆಮೊರಿ 64 ಬಿಟ್‌ಗೆ ಸಾಮಾನ್ಯವಾಗಿ ಇನ್ನೂ 8 ಕಾವಲು ಬಿಟ್ ಸೇರಿಸಿ, ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಮನೆಯ ಬಹುಪಾಲು ಕಂಪ್ಯೂಟರುಗಳಲ್ಲಿ ಅದಿಲ್ಲ. ಅದಿಲ್ಲದಿರುವುದನ್ನು 2021ರಲ್ಲೇ ಬಹಿರಂಗವಾಗಿ ಟೀಕಿಸಿದ್ದ ಟೊರ್ವಾಲ್ಡ್ಸ್ ಅವರ ಯಂತ್ರದಲ್ಲೂ ಇರಲಿಲ್ಲ!

ಹೀಗಾಗಿ ಕ್ರ್ಯಾಶ್ ಆಗುವುದು ಒಂದರ್ಥದಲ್ಲಿ ಅದೃಷ್ಟ. ಸದ್ದಿಲ್ಲದೆ ಡಿಸ್ಕಿಗೆ ಬರೆಸಿಕೊಂಡ ತಪ್ಪು ಬಿಟ್ ಹೆಚ್ಚು ಅಪಾಯಕಾರಿ. ರ‍್ಯಾಮ್ ಬದಲಿಸಿದ ಮೇಲೆ ಹಳೆಯ ಇನ್‌ಸ್ಟಾಲೇಶನ್ ಉಳಿಸಿಕೊಳ್ಳದೆ ಮೊದಲಿನಿಂದ ಹಾಕಿ. ಆ ಯಂತ್ರದಲ್ಲಿ ತೆಗೆದ ಬ್ಯಾಕಪ್‌ಗಳನ್ನೂ ತೆರೆದು ಪರೀಕ್ಷಿಸಿ.